ಇಸ್ತ್ರಿಪೆಟ್ಟಿಗೆಗೆ ಮನೆ ವೈರಿಂಗಿನಲ್ಲಿ ಉಳಿದ ವೈರ್ ಹಾಕಬಹುದೇ?

ನೀವು ಕೇಳಿರುವುದು ಇಷ್ಟು: ಇಸ್ತ್ರಿಪೆಟ್ಟಿಗೆಯ ವೈರ್ ಬುಡದಲ್ಲಿ ಸುಟ್ಟಿದೆ, ಮನೆಗೆ ವೈರಿಂಗ್ ಮಾಡಿಸಿದಾಗ ಉಳಿದ ಒಂದೂವರೆ ಎಂಎಂ (ಅಂದರೆ ಚದರ ಮಿಲಿಮೀಟರ್) ವೈರ್ ಇದೆ, ಅದನ್ನೇ ಹಾಕಬಹುದೇ? ಮಿಕ್ಸಿ, ಗೀಸರಿಗೂ ಅದೇ ಸಾಕೇ?

ಇಸ್ತ್ರಿಪೆಟ್ಟಿಗೆಗೆ ಖಂಡಿತ ಬೇಡ. ದಪ್ಪದ ಮಟ್ಟಿಗೆ ಅದು ಬೇಕಾದದ್ದಕ್ಕಿಂತ ಹೆಚ್ಚೇ ಇದೆ. 1000 ವ್ಯಾಟಿನ ಪೆಟ್ಟಿಗೆ 230 ವೋಲ್ಟಿನಲ್ಲಿ ಎಳೆಯುವುದು ನಾಲ್ಕೂಕಾಲು ಆಂಪಿಯರಿನಷ್ಟು, ಅದಕ್ಕೆ ಮುಕ್ಕಾಲು ಎಂಎಂ ತಾಮ್ರ ಧಾರಾಳ. ತೊಂದರೆ ಇರುವುದು ಮೇಲಿನ ಹೊದಿಕೆಯಲ್ಲಿ. ವೈರಿಂಗಿಗೆ ಬಳಸುವ ಸಾಮಾನ್ಯ ಪಿವಿಸಿ 70 ಡಿಗ್ರಿ ಸೆಲ್ಸಿಯಸ್ ಬಿಸಿಯವರೆಗೆ ಮಾತ್ರ ತಡೆಯುವಂಥದ್ದು. ಹತ್ತಿ ಬಟ್ಟೆಗೆ ತಿರುಗಿಸಿಟ್ಟ ಇಸ್ತ್ರಿಯ ತಳ ಅದರ ಎರಡು ಪಟ್ಟನ್ನೂ ದಾಟುತ್ತದೆ. ವೈರ್ ತಾಗಿತೆಂದರೆ ಹೊದಿಕೆ ಕರಗಿ ತಾಮ್ರ ಇಣುಕುತ್ತದೆ. ಜೊತೆಗೆ, ಅದು ಗೋಡೆಯ ಪೈಪಿನೊಳಗೆ ಅಲ್ಲಾಡದೆ ಬಿದ್ದಿರಬೇಕಾದ ವೈರ್. ದಿನವೂ ಬಾಗಿಸಿ ಸುತ್ತಿದರೆ ಎಳೆಗಳು ಒಳಗೊಳಗೇ ತುಂಡಾಗುತ್ತವೆ.

ಅಂಗಡಿಯಲ್ಲಿ ‘ಐರನ್ ಬಾಕ್ಸ್ ವೈರ್’ ಎಂದೇ ಕೇಳಿ. ಒಳಗೆ ರಬ್ಬರ್, ಮೇಲೆ ನೂಲಿನ ಹೆಣಿಗೆ, ಮೂರು ಕೋರ್, ಅಂದರೆ ಒಳಗೆ ಮೂರು ಬೇರೆ ಬೇರೆ ವೈರ್. ಚಿಕ್ಕಮಗಳೂರಿನ ನನ್ನ ರಿಪೇರಿ ಅಂಗಡಿಗೆ ಮಳೆಗಾಲದಲ್ಲಿ ಮೂಡಿಗೆರೆ, ಆಲ್ದೂರು ಕಡೆಯ ಪೆಟ್ಟಿಗೆಗಳೇ ಹೆಚ್ಚು. ಬಿಸಿಲು ಕಾಣದ ಜುಲೈನಲ್ಲಿ ಶಾಲೆಯ ಸಮವಸ್ತ್ರ ಒಣಗುವುದೇ ಇಸ್ತ್ರಿಯ ಕೆಳಗೆ, ಪಾಪ ಪೆಟ್ಟಿಗೆಗೆ ಬಿಡುವಿಲ್ಲ. ಬಿಚ್ಚಿ ನೋಡಿದರೆ ಕಾಯಿಲ್ ಗಟ್ಟಿಮುಟ್ಟು, ವೈರ್ ಮಾತ್ರ ಹಿಡಿಯ ಹಿಂದೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ತುಂಡು. ಆದ್ದರಿಂದ ಅಲ್ಲಿ ವೈರ್ ಮಡಚದಂತೆ ಕಾಯುವ, ಹಿಡಿಯ ಬಾಯಲ್ಲಿರುವ ರಬ್ಬರ್ ಕೊಳವೆಯನ್ನು ಬಿಸಾಡಬೇಡಿ. ಸುಟ್ಟ ವೈರ್ ಜೊತೆ ಅದರ ತುದಿಯ ಕಪ್ಪುಗಟ್ಟಿದ ಲಗ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ತುಂಡು) ಕೂಡ ಬದಲಿಸಿ. ಒಳಗೆ ಸೀಸದ ಬೆಸುಗೆ ಬೇಡ, ಆ ಬಿಸಿಗೆ ಅದು ಸಡಿಲವಾಗುತ್ತದೆ.

ಮಿಕ್ಸಿಗೆ ಮುಕ್ಕಾಲು ಎಂಎಂ, ಮೂರು ಕೋರಿನ ಪಿವಿಸಿ ಫ್ಲೆಕ್ಸಿಬಲ್ ಸಾಕು. ಗೀಸರಿನ ವಿಷಯ ಬೇರೆ. 2000 ವ್ಯಾಟಿಗೆ ಒಂಬತ್ತು ಆಂಪಿಯರಿನ ಹತ್ತಿರ, 3000 ವ್ಯಾಟಿಗೆ ಹದಿಮೂರು. ಮೇನ್ ಬೋರ್ಡಿನಿಂದ ನೇರವಾಗಿ ಎರಡೂವರೆ ಎಂಎಂ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ. ಈ ಕೆಲಸ ಲೈಸೆನ್ಸ್ ಇರುವವರಿಗೇ ಬಿಡಿ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಆದರೆ ಅಷ್ಟಕ್ಕೇ ನಂಬಿಬಿಡಬೇಡಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ತಾಮ್ರದ ಬಣ್ಣ ಹೊದ್ದ ಅಲ್ಯೂಮಿನಿಯಂ; ಅಷ್ಟೇ ದಪ್ಪದ ತಾಮ್ರಕ್ಕಿಂತ ಬೇಗ ಬಿಸಿಯಾಗುತ್ತದೆ. ಅಗ್ಗವೆಂದು ತಂದರೆ ಮತ್ತೆ ನಮ್ಮಂಥವರಿಗೇ ಗಿರಾಕಿಯಾಗುತ್ತೀರಿ.

ಪ್ಲಗ್ಗಿಗೆ ಎರಡು ಪಿನ್ ಸಾಕೆಂದು ಅರ್ಥಿಂಗಿನ ಹಸಿರು ವೈರ್ ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒದ್ದೆ ನೆಲ, ಕೈಯಲ್ಲಿ ಲೋಹದ ಪೆಟ್ಟಿಗೆ, ಅರ್ಥಿಂಗ್ ಇಲ್ಲ! ಹಸಿರು ವೈರನ್ನು ಲೋಹದ ಮೈಗೆ ಸ್ಕ್ರೂನಿಂದ ಬಿಗಿಯಿರಿ. ಪ್ಲಗ್ಗಿನೊಳಗೆ ಅದನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿ. ಯಾರಾದರೂ ವೈರ್ ಜಗ್ಗಿದರೂ ಎಲ್ಲಕ್ಕಿಂತ ಕೊನೆಗೆ ಕಿತ್ತು ಬರುವುದು ಅದಾಗಿರಬೇಕು.