ಕ್ರೌನ್ ಮೋಲ್ಡಿಂಗ್ (ಗೋಡೆ ಸೀಲಿಂಗ್ ಸೇರುವಲ್ಲಿ ಹೊಡೆಯುವ ಅಲಂಕಾರದ ಪಟ್ಟಿ) 45 ಡಿಗ್ರಿಗೆ ಕೊಯ್ದರೂ ಒಳಮೂಲೆಯಲ್ಲಿ ಸಂದು ಉಳಿಯುತ್ತಿದೆ. ಒಳ್ಳೆ ಗರಗಸ ತಗೊಳ್ಳಲಾ, ಕಾಕ್ (ಸಂದು ಮುಚ್ಚುವ ಪೇಸ್ಟ್) ತುಂಬಿ ಮುಚ್ಚಲಾ?

ಎರಡೂ ಬೇಡ. ಒಳಮೂಲೆಗೆ 45 ಡಿಗ್ರಿ ಜೋಡಣೆಯನ್ನೇ ಬಿಟ್ಟುಬಿಡಿ.

ನಾವು ಮಿಷಿಗನ್‌ನಲ್ಲಿ ಮನೆ ತಗೊಂಡ ಹೊಸದರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಊಟದ ಕೋಣೆಗೆ ಪೈನ್ ಮರದ ಮೋಲ್ಡಿಂಗ್. ಆಗಸ್ಟ್ ತಿಂಗಳು, ಗಾಳಿಯಲ್ಲಿ ತೇವ. ಎರಡೂ ಪಟ್ಟಿಗಳನ್ನು 45ಕ್ಕೆ ಕೊಯ್ದು ಮೂಲೆಗೆ ಒತ್ತಿದರೆ ಕೆಳಗೆ ಕೂಡಿತು, ಮೇಲೆ ಕೂಡಲಿಲ್ಲ. ಗರಗಸದ್ದೇನೂ ತಪ್ಪಿರಲಿಲ್ಲ, ಗೋಡೆಯ ಮೂಲೆಯೇ 90 ಡಿಗ್ರಿ ಇರಲಿಲ್ಲ. ಡ್ರೈವಾಲ್ (ಕಾಗದ ಹೊದಿಸಿದ ಜಿಪ್ಸಂ ಹಲಗೆಯ ಗೋಡೆ) ಮೂಲೆಗೆ ಟೇಪ್ ಅಂಟಿಸಿ ಮೇಲೆ ಮಡ್ ಅನ್ನೋ ಪೇಸ್ಟ್ ಬಳಿದಿರುತ್ತಾರಲ್ಲ, ಅದು ಅಲ್ಲಲ್ಲಿ ದಪ್ಪವಾಗಿ ಕೋನ ಕೆಡಿಸಿರುತ್ತದೆ. ನಾನು ಸಂದಿಗೆ ಕಾಕ್ ತುಂಬಿ ಬಣ್ಣ ಹೊಡೆದೆ. ನೋಡೋಕೆ ಚೆನ್ನಾಗಿಯೇ ಇತ್ತು.

ಚಳಿ ಬಂದು ಹೀಟರ್ ಶುರುವಾಯಿತು. ಒಂದೊಂದೇ ಮೂಲೆ ಬಾಯಿ ಬಿಟ್ಟಿತು. ಕಾಕ್ ಒಂದು ಪಟ್ಟಿಯಿಂದ ಕಿತ್ತುಕೊಂಡು ಇನ್ನೊಂದಕ್ಕೆ ಅಂಟಿ ನಿಂತಿತ್ತು, ನಡುವೆ ಉಗುರು ಹೋಗುವಷ್ಟು ಕಪ್ಪು ಗೆರೆ. ಇದು ಯಾಕೆ ಅಂತ ಸರಿಯಾಗಿ ತಿಳ್ಕೊಳ್ಳಿ. ಒಣಹವೆಗೆ ಮರ ಉದ್ದಕ್ಕೆ ಕುಗ್ಗೋದು ತೀರಾ ಕಡಿಮೆ, ಅಗಲಕ್ಕೆ ಜಾಸ್ತಿ. ಅಗಲ ಕಮ್ಮಿಯಾದರೆ ನೀವು ಕೊಯ್ದ 45 ಡಿಗ್ರಿ 45 ಆಗಿ ಉಳಿಯೋದಿಲ್ಲ. ಎರಡೂ ಪಟ್ಟಿಗಳ ಕೋನ ಬದಲಾಗುತ್ತದೆ, ಸಂದು ಬಿಡುತ್ತದೆ. ಸಾವಿರ ಡಾಲರಿನ ಗರಗಸದಲ್ಲಿ ಕೊಯ್ದಿದ್ದರೂ ಅಷ್ಟೇ. ನಾನು ಎಲ್ಲ ಕಿತ್ತು ಹೊಸ ಮರ ತರಬೇಕಾಯಿತು. ಕೀಳುವಾಗ ಡ್ರೈವಾಲಿನ ಕಾಗದವೂ ಸುಲಿದು ಬಂತು, ಅದರ ರಿಪೇರಿ ಬೇರೆ.

ಕೋಪಿಂಗ್ ಮಾಡಿ, ಅಂದರೆ ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಅಂಕುಡೊಂಕಿಗೆ ಸರಿಯಾಗಿ ಕೂರುವ ಹಾಗೆ ಕೊಯ್ಯೋದು. ಮೊದಲ ಪಟ್ಟಿಯ ತುದಿಯನ್ನು ನೇರವಾಗಿ ಕೊಯ್ದು ಗೋಡೆಗೆ ತಾಗಿಸಿ ಹೊಡೆಯಿರಿ. ಎರಡನೆಯದನ್ನು ಒಳಮೂಲೆಗೆ ಕೊಯ್ಯುವ ಹಾಗೇ 45ಕ್ಕೆ ಕೊಯ್ಯಿರಿ. ಆಗ ಮುಂಭಾಗದ ಅಂಚಿನಲ್ಲಿ ಮೋಲ್ಡಿಂಗಿನ ಅಂಕುಡೊಂಕು ಎದ್ದು ಕಾಣುತ್ತದೆ. ಅದರ ಮೇಲೆ ಪೆನ್ಸಿಲ್ ಎಳೆದು, ಅದೇ ಗೆರೆ ಹಿಡಿದು ಕೋಪಿಂಗ್ ಸಾನಲ್ಲಿ (ತೆಳು ಅಲಗಿನ ಕೈಗರಗಸ) ಕೊಯ್ಯಿರಿ. ಗರಗಸ ಓರೆ ಹಿಡಿದು ಹಿಂಬದಿಯ ಮರ ಜಾಸ್ತಿ ತೆಗೆಯಿರಿ, ಮುಂದಿನ ತೆಳು ಅಂಚಷ್ಟೇ ಮೊದಲ ಪಟ್ಟಿಗೆ ತಾಗಬೇಕು. ಉಬ್ಬು ಉಳಿದ ಕಡೆ ದುಂಡನೆಯ ಅರದಲ್ಲಿ ಉಜ್ಜಿ. ಮೂಲೆ 88 ಇರಲಿ, 92 ಇರಲಿ, ಕೂತುಕೊಳ್ಳುತ್ತದೆ. ಉದ್ದನೆ ಗೋಡೆಯಾದರೆ 1/16 ಇಂಚು ಜಾಸ್ತಿ ಉದ್ದ ಇಡಿ. ನಡುವೆ ಬಾಗಿಸಿ ಒತ್ತಿದಾಗ ತುದಿ ಮೂಲೆಗೆ ಬಿಗಿಯುತ್ತದೆ.

45ಕ್ಕೆ ಕೊಯ್ಯುವಾಗ ಪಟ್ಟಿ ತಲೆಕೆಳಗಾಗಿರಬೇಕು, ಸೀಲಿಂಗ್ ಅಂಚು ಗರಗಸದ ತಳಕ್ಕೆ, ಗೋಡೆಯ ಅಂಚು ಫೆನ್ಸಿಗೆ (ಗರಗಸದ ಹಿಂದೆ ನೆಟ್ಟಗಿರುವ ಆಸರೆ). ಹೊರಮೂಲೆಗೆ ಮಾತ್ರ ಕೋಪಿಂಗ್ ಆಗಲ್ಲ, ಅಲ್ಲಿ ಮೂಲೆಯ ಕೋನ ಅಳೆದು, ಎರಡೂ ಪಟ್ಟಿಗೆ ಅದು ಅರ್ಧರ್ಧ ಬರುವ ಹಾಗೆ ಕೊಯ್ದು, ಅಂಟು ಹಾಕಿ ಸೇರಿಸಿ. ಗರಗಸಕ್ಕೆ ಅಂತ ಇಟ್ಟ ದುಡ್ಡಲ್ಲಿ ಒಂದೆರಡು ಪಟ್ಟಿ ಹೆಚ್ಚಿಗೆ ತನ್ನಿ. ತುಂಡುಗಳ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಗೋಡೆಗೆ ಹೋಗಿ.