ಅಕ್ಕನಿಗೆ ಮಜ್ಜೆ ಕೊಡಲೆಂದು ಇನ್ನೊಂದು ಮಗು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೊಸೂರಿನಾಚೆ ದೇಂಕಣಿಕೋಟೆ ಕಡೆಯ ಕನ್ನಡದ ಮನೆಯವರು, ಆನುವಂಶಿಕ ಕಾಯಿಲೆಯ ಬಗ್ಗೆ ಸಲಹೆಗಾಗಿ ನನ್ನ ಬಳಿ ಬಂದಿದ್ದರು. ಗಂಡನೇ ಹೆಂಡತಿಗೆ ಸೋದರಮಾವ. ನಾಲ್ಕು ವರ್ಷದ ಮಗಳಿಗೆ ಬೀಟಾ ಥಲಸ್ಸೇಮಿಯಾ ಮೇಜರ್, ಅಂದರೆ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ ಆನುವಂಶಿಕ ಕಾಯಿಲೆ; ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹೊಂದುವ ದಾನಿಯ ಮಜ್ಜೆ ಕಸಿ ಮಾಡಿದರೆ ವಾಸಿಯಾಗಬಹುದು. ತಾಯಿ ಈಗ ಎಂಟು ವಾರದ ಬಸುರಿ. ಜೊತೆಗೆ ಬಂದಿದ್ದ ಅಜ್ಜಿ ಬಸುರಿಗೆ ತಾಯಿ, ಅವಳ ಗಂಡನಿಗೆ ಒಡಹುಟ್ಟಿದ ಅಕ್ಕ. ಇವರು ತಂದ ಕೋರಿಕೆಯನ್ನೇ ಹಿಡಿದು ಬರುವ ಮನೆಗಳು ಹೆಚ್ಚುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾತು ತೆಗೆದವರು ಅಜ್ಜಿ. “ಹೊಟ್ಟೇಲಿರೋದರ ಮಜ್ಜೆ ದೊಡ್ಡದಕ್ಕೆ ಹೊಂದುತ್ತಾ ಅಂತ ಈಗಲೇ ನೋಡಿಬಿಡಿ. ಹೊಂದದಿದ್ರೆ ತೆಗೆಸಿ ಇನ್ನೊಂದು ನೋಡೋಣ.”

ಇದರಲ್ಲಿ ಎರಡು ಪ್ರಶ್ನೆ ಬೆರೆತಿವೆ ಎಂದೆ. ಮಗುವಿಗೆ ಕಾಯಿಲೆ ಇದೆಯೇ ಎಂಬುದು ಒಂದು. ಆ ಜೀನು 11ನೇ ವರ್ಣತಂತುವಿನಲ್ಲಿದೆ; ಇಬ್ಬರೂ ವಾಹಕರಾದ್ದರಿಂದ, ಅಂದರೆ ಕಾಯಿಲೆ ಇಲ್ಲದೆ ದೋಷದ ಜೀನಿನ ಒಂದು ಪ್ರತಿ ಹೊತ್ತವರಾದ್ದರಿಂದ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಮಜ್ಜೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಅದನ್ನು ನಿರ್ಧರಿಸುವ ಎಚ್‌ಎಲ್‌ಎ ಜೀನುಗಳು 6ನೇ ವರ್ಣತಂತುವಿನಲ್ಲಿವೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಕಾಲು ಭಾಗ. ಕಾಯಿಲೆಯೂ ಇರಬಾರದು, ಮಜ್ಜೆಯೂ ಹೊಂದಬೇಕು ಎಂದರೆ ಹದಿನಾರರಲ್ಲಿ ಮೂರು. ಸರಾಸರಿ ನೋಡಿದರೆ ಐದು ಬಸುರಿಗೆ ಒಂದೂ ಪೂರಾ ಸಿಕ್ಕುವುದಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಬಸುರಿ ತನ್ನ ತಾಯಿಯ ಕಡೆ ತಿರುಗಿ ಕೇಳಿದಳು: “ಹೊಂದದೆ ಹುಟ್ಟಿದ್ರೆ ಆ ಮಗೂನ ಯಾರು ಎತ್ಕೋತಾರೆ?”

ಅಜ್ಜಿ ಉತ್ತರ ಕೊಡಲಿಲ್ಲ. ಗಂಡ ರಿಪೋರ್ಟುಗಳನ್ನು ಚೀಲಕ್ಕೆ ತುಂಬುತ್ತ ಕೂತ. ಮುಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಸಲಹೆಗಾರರು ಮಾಹಿತಿ ಕೊಡಬೇಕು, ದಾರಿ ತೋರಿಸಬಾರದು ಎನ್ನುವುದು ನಮ್ಮ ವೃತ್ತಿಯ ನಿಯಮ. ಕಾಯಿಲೆಯ ಮಗುವನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬಲ್ಲಿ ನಾನೂ ಅದನ್ನು ಪಾಲಿಸುತ್ತೇನೆ, ಆ ತೀರ್ಮಾನ ತಾಯಿಯದು. ಆದರೆ ಆರೋಗ್ಯವಾಗಿರುವ ಭ್ರೂಣವನ್ನು ಮಜ್ಜೆ ಹೊಂದಲಿಲ್ಲವೆಂದು ತೆಗೆಸುವ ಮಾತಿಗೆ ಬೇಡ ಎಂದೇ ಹೇಳಿದೆ. ಕಾನೂನೂ ಅದನ್ನೇ ಹೇಳುತ್ತದೆ. ಬಸುರಿನಲ್ಲಿ ಯಾವುದಕ್ಕಾಗಿ ಪರೀಕ್ಷೆ ಮಾಡಬಹುದು ಎಂದು 1994ರ ಪ್ರಸವಪೂರ್ವ ಪರೀಕ್ಷೆ ಕಾಯ್ದೆ ಪಟ್ಟಿ ಮಾಡಿದೆ. ಅದರಲ್ಲಿ ಹಿಮೋಗ್ಲೋಬಿನ್ ಕಾಯಿಲೆಗಳಿವೆ, ಮಜ್ಜೆಯ ಹೊಂದಾಣಿಕೆ ಇಲ್ಲ. ಕಾನೂನು ಇಲ್ಲದಿದ್ದರೂ ಬೇಡ ಎನ್ನುತ್ತಿದ್ದೆ. ಹುಟ್ಟುವ ಮೊದಲೇ ಕೆಲಸ ಹೊರಿಸಿ, ಅದಕ್ಕೆ ಆಗದಿದ್ದರೆ ಬೇಡವೆನ್ನುವ ಮನೆಯಲ್ಲಿ ಹೊಂದಿದ ಮಗುವೂ ಸುಖವಾಗಿ ಬೆಳೆಯದು. ಐವಿಎಫ್‌ನಲ್ಲಿ ಕಾಯಿಲೆ, ಹೊಂದಾಣಿಕೆ ಎರಡನ್ನೂ ನೋಡಿ ಭ್ರೂಣ ಆರಿಸುವ ವಿಧಾನ ಬೇರೆ, ನಮ್ಮ ದೇಶದಲ್ಲೂ ನಡೆದಿದೆ. ಆಗಲೇ ಬಸುರಾದವರಿಗೆ ಅದು ಉಪಯೋಗಕ್ಕಿಲ್ಲ.

ಹೇಳಿದ ಕ್ರಮ ಇದು. ಅದೇ ವಾರ ಗಂಡ, ಹೆಂಡತಿ, ಮಗಳು ಮೂವರ ರಕ್ತವನ್ನೂ ಜೀನ್ ಪರೀಕ್ಷೆಗೆ ಕೊಡಬೇಕು. ಮನೆಯಲ್ಲಿರುವ ಮ್ಯುಟೇಶನ್ (ಜೀನಿನ ದೋಷ) ಯಾವುದೆಂದು ಗೊತ್ತಿಲ್ಲದೆ ಭ್ರೂಣದಲ್ಲಿ ಹುಡುಕುವುದು ಕಷ್ಟ. ಇಲ್ಲಿ ತಡಮಾಡಿದವರಿಗೇ ಕೊನೆಗೆ ದಿನ ಸಾಲದೆ ಹೋಗುತ್ತದೆ. 11ರಿಂದ 13ನೇ ವಾರದೊಳಗೆ ಸಿವಿಎಸ್, ಅಂದರೆ ಸ್ಕ್ಯಾನ್ ನೋಡುತ್ತ ಸೂಜಿಯಿಂದ ಮಾಸಿನ ಚೂರು ತೆಗೆಯುವುದು. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ, ಅವಳ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ಆಮೇಲೆ ಆಂಟಿ-ಡಿ ಚುಚ್ಚುಮದ್ದು. ಮಾದರಿಯಲ್ಲಿ ತಾಯಿಯ ಜೀವಕೋಶ ಬೆರೆತಿಲ್ಲವೆಂದು ಲ್ಯಾಬ್ ಖಚಿತಪಡಿಸಿದ ಮಾತು ರಿಪೋರ್ಟಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ತಾಯಿಯ ಫಲಿತಾಂಶವೇ ಮಗುವಿನದೆಂದು ಬಂದೀತು.

ಇನ್ನು ದಾನಿಯ ವಿಚಾರ. ಹೊಟ್ಟೆಯಲ್ಲಿರುವ ಮಗುವಿನ ಕಡೆ ನೋಡುವ ಮೊದಲು ದೊಡ್ಡವರು ಕೆನ್ನೆಯೊಳಗಿನ ಹತ್ತಿಕಡ್ಡಿ ಮಾದರಿ ಕೊಡಿ ಎಂದೆ. ಸಂಬಂಧವಿಲ್ಲದ ಗಂಡಹೆಂಡಿರಾದರೆ ಮಜ್ಜೆ ಮಗುವಿಗೆ ಅರ್ಧ ಮಾತ್ರ ಹೊಂದುವುದು ಸಾಮಾನ್ಯ. ಸೋದರಮಾವನನ್ನು ಮದುವೆಯಾದ ಮನೆಯಲ್ಲಿ ಲೆಕ್ಕ ಬೇರೆ. ಇಬ್ಬರಲ್ಲೂ ಒಂದೇ ಎಚ್‌ಎಲ್‌ಎ ತುಂಡು ಇರುವ ಸಾಧ್ಯತೆ ಅರ್ಧ. ಇದ್ದರೆ ಮಗು ತಂದೆಗೋ ತಾಯಿಗೋ ಪೂರ್ತಿ ಹೊಂದುವ ಸಾಧ್ಯತೆ ಮತ್ತೆ ಅರ್ಧ. ಒಟ್ಟು ಕಾಲು ಭಾಗ, ಒಡಹುಟ್ಟಿದವರಷ್ಟೇ! ಕಾಯಿಲೆ ತಂದ ರಕ್ತಸಂಬಂಧವೇ ದಾನಿಯನ್ನೂ ಕೊಡಬಹುದು. ವಾಹಕರು ಮಜ್ಜೆ ಕೊಡಲು ಅಡ್ಡಿಯಿಲ್ಲ. “ನನ್ನದೂ ನೋಡಿ,” ಎಂದು ಅಜ್ಜಿ ಮುಂದೆ ಬಂದರು.

ಮಗಳಿಗೆ ಕಬ್ಬಿಣ ಇಳಿಸುವ ಮಾತ್ರೆ ತಪ್ಪಿಸಬೇಡಿ ಎಂದು ಒತ್ತಿ ಹೇಳಿದೆ. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಉಳಿದದ್ದು ಸೇರಿ ಯಕೃತ್ತು ಗಟ್ಟಿಯಾದ ಮೇಲೆ ದಾನಿ ಸಿಕ್ಕರೂ ಕಸಿಯ ಅಪಾಯ ಏರುತ್ತದೆ. ಹಣಕ್ಕೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಿದೆ, ಕಸಿಗೆ 10 ಲಕ್ಷದವರೆಗೆ ಕೊಡುತ್ತದೆ.

ಭ್ರೂಣ ವಾಹಕವೆಂದು ವರದಿ ಬಂತು, ಕಾಯಿಲೆ ಇಲ್ಲ. ದೊಡ್ಡವರಲ್ಲಿ ಯಾರದೂ ಹೊಂದಲಿಲ್ಲ. ಹೆರಿಗೆಯ ವೇಳೆ, ಮಜ್ಜೆಯ ಬದಲು ಬಳಸಬಹುದಾದ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಲು ಏರ್ಪಾಡಾಗಿದೆ, ಹೊಂದಾಣಿಕೆಯನ್ನು ಆಗ ನೋಡುತ್ತಾರೆ. ಅಜ್ಜಿಯ ಎರಡನೇ ಮಗಳಿಗೂ ನಂಟರಲ್ಲೇ ಗಂಡು ನೋಡುತ್ತಿದ್ದಾರೆ. ಹುಡುಗ ಹುಡುಗಿ ಇಬ್ಬರಿಗೂ ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ರಕ್ತಪರೀಕ್ಷೆ ಎಚ್‌ಪಿಎಲ್‌ಸಿ ಮಾಡಿಸಿ, ವಾಹಕರಲ್ಲಿ ಹೆಚ್ಚಿರುವ ಬಗೆಯಾದ ಎಚ್‌ಬಿಎ2 ಶೇ. 3.5 ಮೀರಿದೆಯೇ ನೋಡಲು ಹೇಳಿದ್ದೇನೆ. ಕಬ್ಬಿಣದ ಕೊರತೆಯಿದ್ದರೆ ಆ ಅಂಕಿ ತಗ್ಗಿ ವಾಹಕತನ ಮರೆಯಾಗಬಹುದು, ಹಾಗಾಗಿ ಜೊತೆಗೆ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ.