ಮೇಷ್ಟ್ರೇ, ಒಂದು ಪ್ರಶ್ನೆ: ವಾಚು, ಆನೆ ಮೆಸೇಜು, ಕಾಫಿ ತೋಟ ಮತ್ತು ದೊಡ್ಡ ತಟ್ಟೆಗಳು

ಈ ಸಲ ಬಂದ ಪತ್ರಗಳಲ್ಲಿ ಹೊಳೆನರಸೀಪುರದ ಒಂದನ್ನು ಮೂರು ಸಲ ಓದಿದೆ. ಮೊದಲ ಉತ್ತರ ಅದಕ್ಕೇ, ಜಾಸ್ತಿ ಜಾಗವೂ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಮೇಷ್ಟ್ರೇ, ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ವಯಸ್ಸು 43. ಸಿಗರೇಟು ಸೇದುತ್ತಾರೆ. ಆಗಾಗ ಎದೆ ಉರಿ ಅಂತಾರೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಬಾಡಿಗೆಗೆ ಹೊರಡುತ್ತಾರೆ. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಅಷ್ಟು ಜನ ಹೃದಯಾಘಾತದಿಂದ ಹೋದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಕೋವಿಡ್ ಲಸಿಕೆಯಿಂದ ಹೀಗಾಯಿತು ಅಂತಾರೆ, ನಿಜವೇ? ಚೀಟಿ ದುಡ್ಡು ಬಂದಿದೆ. ಹೃದಯ ನೋಡುವ ವಾಚು 2,000 ರೂಪಾಯಿಗೆ ಸಿಗುತ್ತಂತೆ. ತಂದುಕೊಡಲಾ?
ಗೃಹಿಣಿ, ಹೊಳೆನರಸೀಪುರ

ತಾಯಿ, ವಾಚು ಬೇಡ. ಈ ವಾರವೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದು ಇಸಿಜಿ ತೆಗೆಸಿ, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ.

ಆ ವಾಚಿನ ಹಿಂಭಾಗದಲ್ಲಿ ಒಂದು ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿಗೆ ರಕ್ತ ನುಗ್ಗುತ್ತದೆ, ಆಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿ ನಿಮಿಷಕ್ಕೆ ಎಷ್ಟು ಬಡಿತ ಅಂತ ವಾಚು ಹೇಳುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ದುಬಾರಿ ವಾಚುಗಳಲ್ಲಿ ಇಸಿಜಿಯೂ ಇದೆ. ಆಪಲ್ ಕಂಪನಿ 2018ರಲ್ಲಿ ಅಂಥದ್ದನ್ನು ತಂದಿತು. ಬಡಿತದ ಲಯ ತಪ್ಪುವ ಒಂದು ಬಗೆಯ ತೊಂದರೆಯನ್ನು ಅದು ಹಿಡಿಯುತ್ತದೆ, ಅದರಿಂದ ಉಪಯೋಗವೂ ಇದೆ. ಆದರೆ ಹೃದಯಾಘಾತ ನನಗೆ ಗೊತ್ತಾಗುವುದಿಲ್ಲ ಎಂದು ಆ ಆಪ್ ತಾನೇ ಬರೆದು ತೋರಿಸುತ್ತದೆ. ಏಕೆಂದರೆ ವಾಚು ಹೃದಯವನ್ನು ಒಂದೇ ಕಡೆಯಿಂದ ನೋಡುತ್ತದೆ. ಆಸ್ಪತ್ರೆಯಲ್ಲಿ ಕೈಕಾಲಿಗೆ ನಾಲ್ಕು, ಎದೆಗೆ ಆರು, ಹೀಗೆ ಹತ್ತು ತಂತಿ ಹಚ್ಚಿ ಹನ್ನೆರಡು ಕಡೆಯಿಂದ ನೋಡುತ್ತಾರೆ. ಬೇಲೂರು ದೇವಸ್ಥಾನದ ಮುಂಬಾಗಿಲಲ್ಲಿ ನಿಂತುಕೊಂಡು ಹಿಂದಿನ ಗೋಡೆಯ ಶಿಲಾಬಾಲಿಕೆ ಹೇಗಿದ್ದಾಳೆ ಅಂದರೆ ಹೇಳಕ್ಕಾಗುತ್ತಾ? ಒಂದು ಸುತ್ತು ಬರಲೇಬೇಕು.

ನನ್ನ ಬೀರುವಿನಲ್ಲಿ ಒಂದು ಹಳೇ ಇಸಿಜಿ ಚೀಟಿ ಇದೆ. ನಮ್ಮಣ್ಣನದು. 1996ರ ಒಂದು ರಾತ್ರಿ ಊಟ ಆದ ಮೇಲೆ ಎದೆ ಉರಿ ಅಂದ. ಬನಿಯನ್ನು ಹಿಂಡುವಷ್ಟು ಬೆವರಿದ್ದ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಗ್ಯಾಸ್ ಅಂತ ಇಂಜೆಕ್ಷನ್ ಚುಚ್ಚಿ ಮನೆಗೆ ಕಳಿಸಿದರು. ಬೆಳಿಗ್ಗೆ ಬೇರೆ ಆಸ್ಪತ್ರೆಯಲ್ಲಿ ಈ ಚೀಟಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಅಣ್ಣ ಇರಲಿಲ್ಲ. ಗುಲಾಬಿ ಬಣ್ಣದ ಚೌಕುಳಿ ಕಾಗದ ಅದು. ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಅಂದರೆ ಐದು ದೊಡ್ಡ ಚೌಕ ಸೇರಿದರೆ ಒಂದು ಸೆಕೆಂಡು. ಪ್ರತಿ ಬಡಿತದಲ್ಲೂ ಚೂಪಾದ ಗೆರೆ ಇಳಿದ ಮೇಲೆ ಸ್ವಲ್ಪ ದೂರ ಸಮತಟ್ಟಾಗಿ ಹೋಗಬೇಕು. ಅಣ್ಣನ ಚೀಟಿಯಲ್ಲಿ ಆ ಜಾಗ ಗುಡ್ಡದ ಹಾಗೆ ಎದ್ದಿದೆ. ಶಾಖಕ್ಕೆ ಅಚ್ಚು ಮೂಡುವ ಕಾಗದವಾದ್ದರಿಂದ ಗೆರೆಗಳೆಲ್ಲ ಮಾಸಿವೆ. ಗುಡ್ಡ ಮಾತ್ರ ಇನ್ನೂ ಕಾಣುತ್ತದೆ.

ಇವತ್ತು ಆ ಗುಡ್ಡವನ್ನು ಕಂಪ್ಯೂಟರು ಕೆಲವೇ ನಿಮಿಷದಲ್ಲಿ ಗುರುತಿಸುತ್ತದೆ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ಅದು ಇದೇ. ಪುನೀತ್ 2021ರ ಅಕ್ಟೋಬರ್ 29ರಂದು ಹೋದಾಗ ಅವರಿಗೆ 46 ವರ್ಷ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆ ಓದುತ್ತದೆ, ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರೂ ನೋಡಿ ಹೇಳುತ್ತಾರೆ. ಆಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧ, ಇಲ್ಲಿ ಪುಕ್ಕಟೆ. ಮೊದಲೇ ಪಾರ್ಶ್ವವಾಯು ಆದವರಿಗೆ, ರಕ್ತಸ್ರಾವದ ತೊಂದರೆ ಇರುವವರಿಗೆ ಕೊಡಲು ಬರುವುದಿಲ್ಲ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಅದರ ಫಲ ಜಾಸ್ತಿ, ತಡವಾದಷ್ಟೂ ಕಡಿಮೆ. ಆ ಒಂದೆರಡು ಗಂಟೆಯನ್ನೇ ನಾವು ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ಕಳೆಯುತ್ತೇವೆ.

ಲಸಿಕೆ ವಿಷಯ. 2025ರ ಮೇ, ಜೂನ್‌ನಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಲ್ಲೇ ಜನ ಸಾಲು ನಿಂತಿದ್ದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಎಂದು ಸಮಿತಿ ಹೇಳಿತು. ಅದಕ್ಕೂ ಮುಂಚೆ, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಿಂದ 18ರಿಂದ 45 ವಯಸ್ಸಿನ 729 ಜನರ ಹಠಾತ್ ಸಾವನ್ನು ಕೂಲಂಕಷವಾಗಿ ನೋಡಿತ್ತು. ಅದೇ ವಯಸ್ಸಿನ, ಅದೇ ಕಡೆಯ, ಬದುಕಿರುವ 2,916 ಜನರ ಜೊತೆ ಹೋಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಹೆಚ್ಚಿದ್ದು ಮನೆಯಲ್ಲಿ ಹಿಂದೆ ಯಾರಾದರೂ ಹಠಾತ್ ಸತ್ತಿದ್ದವರಿಗೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ, ಸಾವಿಗೆ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದವರಿಗೆ, ಮೈಮುರಿಯುವಷ್ಟು ಶ್ರಮ ಮಾಡಿದವರಿಗೆ. ಹಾಗಂತ ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಅಂತ ನಾನು ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ ಕೆಲವರಿಗೆ ಆಗಿದ್ದು ನಿಜ. ಅದು ಚುಚ್ಚಿಸಿಕೊಂಡ ಕೆಲವು ವಾರದೊಳಗೆ ಕಾಣಿಸಿಕೊಂಡದ್ದು, ನಾಲ್ಕು ವರ್ಷ ಕಾದು ಬಂದದ್ದಲ್ಲ. ಲಸಿಕೆಯ ಮೇಲೆ ಹಾಕಿಬಿಟ್ಟರೆ ಸಿಗರೇಟು ಬಿಡುವ ಮಾತೇ ಹಿಂದೆ ಬೀಳುತ್ತದೆ. ನನ್ನ ಸಂಕಟ ಅದು.

ಇನ್ನೊಂದು ಮಾತು. ಇಸಿಜಿ ಸರಿ ಬಂದರೂ ಅಲ್ಲಿಗೇ ಬಿಡಬೇಡಿ. ನೋವಿಲ್ಲದ ಹೊತ್ತಿನಲ್ಲಿ ತೆಗೆದ ಚೀಟಿ ಸರಿಯೇ ಇರಬಹುದು. ನಡೆಯುವಾಗ, ಆಟೋ ತಳ್ಳುವಾಗ ಉರಿ ಬಂದು, ಕೂತರೆ ಹೋಗುತ್ತದಾ ಅಂತ ಗಮನಿಸಿ ಡಾಕ್ಟರಿಗೆ ಹೇಳಿ. ಎದೆ ಹಿಂಡಿದ ಹಾಗಾಗಿ, ಬೆವರಿ, ನೋವು ಎಡಗೈಗೋ ದವಡೆಗೋ ಹರಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಅವರೇ ಆಟೋ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವುದು ಮಾತ್ರ ಬೇಡ.

ಸರ್, ನಾನು ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಆನೆ ಬಂದಿದೆ ಅಂತ ಮೊಬೈಲಿಗೆ ಮೆಸೇಜ್ ಬಂದ ದಿನ ನಮ್ಮ ಕಡೆ ಒಂದೂ ಇರಲಿಲ್ಲ. ಏನೂ ಬರದ ದಿನ ಗೇಟಿನ ಪಕ್ಕದಲ್ಲೇ ಒಂಟಿ ಸಲಗ ನಿಂತಿತ್ತು. ಆನೆ ಕೊರಳಿಗೆ ಜಾಗ ತಿಳಿಸುವ ರೇಡಿಯೋ ಕಾಲರ್ ಹಾಕಿದ ಮೇಲೂ ಹೀಗೇಕೆ?
ಆಲೂರು ತಾಲ್ಲೂಕು

ಕಾಲರ್ ಹಾಕುವುದು ಗುಂಪಿನ ಒಂದು ಹೆಣ್ಣಾನೆಗೆ. ಹೆಣ್ಣಾನೆಗಳು, ಮರಿಗಳು ಒಟ್ಟಿಗೇ ಓಡಾಡುವುದರಿಂದ ಒಂದರ ಜಾಡು ಸಿಕ್ಕರೆ ಗುಂಪಿನ ಜಾಡು ಸಿಕ್ಕಿದ ಹಾಗೆ. ಬೆಳೆದ ಗಂಡಾನೆ ಒಂಟಿ. ಅದಕ್ಕೆ ಬೇರೆಯೇ ಕಾಲರ್ ಇಲ್ಲದಿದ್ದರೆ ಯಾವ ಉಪಗ್ರಹಕ್ಕೂ ಅದು ಗೊತ್ತಿಲ್ಲ. ಇದ್ದರೂ ಕಾಲರ್ ಬಿಡುವು ಕೊಟ್ಟು ಕೊಟ್ಟು ಜಾಗ ತಿಳಿಸುತ್ತದೆ, ಬ್ಯಾಟರಿ ಉಳಿಯಬೇಕಲ್ಲ. ನಿಮಗೆ ಮೆಸೇಜ್ ತಲುಪುವಷ್ಟರಲ್ಲಿ ಆನೆ ಎರಡು ತೋಟ ದಾಟಿರಬಹುದು.

ಹಾಗಾಗಿ ಮೆಸೇಜ್ ಬಂದರೆ ಹುಷಾರಾಗಿರಿ, ಬರಲಿಲ್ಲ ಅಂದರೆ ಆನೆ ಇಲ್ಲ ಅಂದುಕೊಳ್ಳಬೇಡಿ. ಒಂದೊಂದು ಕಾಲರ್ ಹಿಂದೆಯೂ ಎಷ್ಟು ಕಷ್ಟ ಇದೆ ಅಂತ ಸಕಲೇಶಪುರದ ಕಡೆಯವರಿಗೆ ಗೊತ್ತು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಪ್ರಾಣ ಬಿಟ್ಟದ್ದು ಕಾಡಾನೆ ಕಾರ್ಯಾಚರಣೆಯಲ್ಲೇ.

ಮೊದಲು ಹೀಗೆ ಮೆಸೇಜ್ ಕಳಿಸುವ ಪದ್ಧತಿ ಚೆನ್ನಾಗಿ ನಡೆದದ್ದು ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ. ಅಲ್ಲಿ ಮೆಸೇಜ್ ಜೊತೆಗೆ ದೂರದಿಂದ ಕಾಣುವ ಕೆಂಪು ದೀಪವನ್ನೂ ಹಾಕಿದರು. ದೀಪ ನೋಡಲು ಓದು ಬೇಡ, ಫೋನೂ ಬೇಡ. ನಿಮ್ಮ ಕೆಲಸಗಾರರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರು ಎಷ್ಟು ಜನ ಇದ್ದಾರೆ? ಅವರಿಗೆ ಕನ್ನಡದ ಮೆಸೇಜ್ ಏನು ಮಾಡುತ್ತದೆ? ಹಾಜರಿ ಕರೆಯುವ ಮುಂಚೆ ನೀವೇ ಅವರಿಗೆ ಅರ್ಥವಾಗುವ ಹಾಗೆ ಹೇಳಿ, ಆಮೇಲೆ ಒಳಗೆ ಬಿಡಿ. ರೈಟರ್ ಒಬ್ಬರ ಕೈಲಿ ಆಗುವ ದೊಡ್ಡ ಕೆಲಸ ಇದು.

ಮೂಡಿಗೆರೆ ಹತ್ತಿರ ನನಗೆ ಮೂರೂವರೆ ಎಕರೆ ಕಾಫಿ. ತೋಟದ ಜಾಗವನ್ನು ಮ್ಯಾಪಿನಲ್ಲಿ ಕೊಡದಿದ್ದರೆ ಯುರೋಪಿನವರು ಕಾಫಿ ತಗೊಳ್ಳಲ್ಲವಂತೆ. ಉಪಗ್ರಹದಿಂದ ನಮ್ಮ ತೋಟ ನೋಡ್ತಾರಂತೆ. ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಸೋದು, ಅದನ್ನ ಮಾಡಿಸೋಕೂ ಭಯ ಆಗ್ತಿದೆ.
ಕಾಫಿ ಬೆಳೆಗಾರರು

ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವು ಅಲ್ಲಿಗೆ ಬರಕೂಡದು ಅಂತ. ಎರಡು ಸಲ ಮುಂದಕ್ಕೆ ಹಾಕಿ, ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದ ಅಂದಿದ್ದಾರೆ. ಲೆಕ್ಕ ಒಪ್ಪಿಸಬೇಕಾದವರು ಅಲ್ಲಿ ಮಾಲು ತರಿಸುವವರು. ಅವರು ಇಲ್ಲಿನ ರಫ್ತುದಾರರನ್ನು ಕೇಳುತ್ತಾರೆ, ರಫ್ತುದಾರರು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್‌ನವರನ್ನು, ಕ್ಯೂರಿಂಗ್‌ನವರು ನಿಮ್ಮನ್ನು. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಇಟಲಿ ದೊಡ್ಡ ಗಿರಾಕಿ. ಆದ್ದರಿಂದ ಇದನ್ನು ತಳ್ಳಿಹಾಕುವ ಹಾಗಿಲ್ಲ.

ನಿಮ್ಮದು 4 ಹೆಕ್ಟೇರ್, ಅಂದರೆ ಹತ್ತು ಎಕರೆಯ ಹತ್ತಿರ ಹತ್ತಿರ, ಅದಕ್ಕಿಂತ ಕಡಿಮೆ. ನಿಮ್ಮಂಥವರಿಗೆ ತೋಟದ ಒಂದು ಬಿಂದುವಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಸಾಕು. ಬೇಲಿ ಸುತ್ತಾ ಗೆರೆ ಎಳೆಯಬೇಕಾದದ್ದು ದೊಡ್ಡ ತೋಟದವರು. ಬಿಂದುವಿನ ಅಂಕಿಯಲ್ಲಿ ಚುಕ್ಕೆಯ ನಂತರ ಆರು ಸ್ಥಾನ ಬೇಕು. ಮೊಬೈಲ್ ಹಿಡಿದು ತೋಟದ ನಡುವೆ, ಆಕಾಶ ಕಾಣುವ ಕಡೆ ನಿಂತು ತೆಗೆದುಕೊಳ್ಳಿ. ಮನೆ ಜಗಲಿಯಲ್ಲಿ ಕೂತು ತೆಗೆದರೆ ನಿಮ್ಮ ತೋಟ ಬೇರೆಯವರ ಅಂಗಳಕ್ಕೆ ಹೋಗುತ್ತದೆ.

ಮರಗಸಿಯ ಭಯ ಮಾತ್ರ ಸುಮ್ನೆ ಬಂದದ್ದಲ್ಲ. ಬ್ರೆಜಿಲ್‌ನಲ್ಲಿ ಹೆಚ್ಚಿನ ಕಡೆ ಕಾಫಿ ಬಿಸಿಲಿಗೆ ಬಿದ್ದಿರುತ್ತದೆ, ಮೇಲಿಂದ ನೋಡಿದರೆ ಗಿಡದ ಸಾಲೇ ಕಾಣುತ್ತದೆ. ನಮ್ಮದು ಹಾಗಲ್ಲ. ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು, ಮರಕ್ಕೆ ಹಬ್ಬಿದ ಮೆಣಸು. ಕಾಫಿ ಅದರ ಅಡಿಯಲ್ಲಿ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಜಾಗದಲ್ಲಿ ಅದಕ್ಕೆ ಕಾಣುವುದು ಮರದ ನೆತ್ತಿ ಮಾತ್ರ. 2020ರಲ್ಲಿ ನಿಮ್ಮ ತೋಟ ಅದರ ಕಣ್ಣಿಗೆ ಕಾಡಾಗಿ ಕಂಡಿದ್ದು, ಮುಂಗಾರಿಗೆ ಮೊದಲು ನೀವು ಕೊಂಬೆ ಇಳಿಸಿದರೆ ಅಥವಾ ಸಿಲ್ವರ್ ಓಕ್ ಮಾರಿದರೆ, ಕಾಡು ಕಡಿದ ಹಾಗೆ ಕಾಣಬಹುದು. ನೂರಾರು ವರ್ಷದಿಂದ ಮರ ಉಳಿಸಿಕೊಂಡು ಕಾಫಿ ಬೆಳೆದ ಮಲೆನಾಡಿನವರಿಗೆ, ಆ ಮರಗಳಿಂದಲೇ ಇಂಥ ಅನುಮಾನ ಬರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆದರೆ ಕಾನೂನಿನ ಮಾತು ನಿಮ್ಮ ಕಡೆ ಇದೆ. ಮುಖ್ಯವಾಗಿ ಬೇಸಾಯಕ್ಕೆ ಬಳಸುವ ಜಾಗ, ಮರವಿದ್ದರೂ, ಅದರ ಪ್ರಕಾರ ಕಾಡಲ್ಲ. ಉಪಗ್ರಹದ ನಕ್ಷೆ ಅನುಮಾನ ಹುಟ್ಟಿಸಬಹುದು, ಅದೇ ಕೊನೆಯ ತೀರ್ಮಾನವಲ್ಲ. 2020ಕ್ಕೂ ಹಿಂದಿನ ಪಹಣಿ ತೆಗೆದಿಡಿ. ಪಾರ್ಚ್‌ಮೆಂಟ್, ಚೆರ್ರಿ ಕಾಫಿ ಮಾರಿದ ಹಳೇ ರಸೀದಿಗಳನ್ನು ಬಿಸಾಡಬೇಡಿ. ಮರಗಸಿಗೆ ಮುಂಚೆ, ಆದ ಮೇಲೆ, ಒಂದೇ ಜಾಗದಲ್ಲಿ ನಿಂತು ತಾರೀಖು ಬರುವ ಹಾಗೆ ಫೋಟೋ ತೆಗೆಯಿರಿ. ಅಡಿಯ ಕಾಫಿ ಗಿಡ ಫೋಟೋದಲ್ಲಿ ಕಾಣಲಿ. ಕಾಫಿ ಬೋರ್ಡಿನ ಆಪ್‌ನಲ್ಲಿ ನೋಂದಣಿ ಮಾಡಿಸಿ. ನಿಮ್ಮ ಕೈಲಾಗದಿದ್ದರೆ ಮಗನನ್ನೋ ಸೊಸೆಯನ್ನೋ ಕೂರಿಸಿಕೊಳ್ಳಿ. ಮರಗಸಿ ಧಾರಾಳವಾಗಿ ಮಾಡಿಸಿ. ನೆರಳು ಜಾಸ್ತಿಯಾಗಿ ಕೊಳೆರೋಗ ಬಂದರೆ ಆ ನಷ್ಟ ಯಾರೂ ತುಂಬಿಕೊಡುವುದಿಲ್ಲ.

ತಾತ, ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್‌ನಲ್ಲಿರುವ ದೊಡ್ಡ ದೊಡ್ಡ ತಟ್ಟೆಗಳು ಯಾಕೆ ತಿರುಗಲ್ಲ? ಉಪಗ್ರಹ ಭೂಮಿ ಸುತ್ತ ಸುತ್ತುತ್ತೆ ಅಂತ ನಮ್ಮ ಟೀಚರ್ ಹೇಳಿದ್ದಾರೆ.
ಏಳನೇ ತರಗತಿ, ಹಾಸನ

ಪುಟ್ಟಿ, ನಿಮ್ಮ ಟೀಚರ್ ಹೇಳಿದ್ದು ಸರಿ. ಆ ತಟ್ಟೆಗಳು ಮುಖ ಮಾಡಿರುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ ಬೇಕು. ಭೂಮಿಯೂ ಅಷ್ಟೇ ಹೊತ್ತಿಗೆ ಒಂದು ಸುತ್ತು ತಿರುಗುತ್ತದೆ. ಇಬ್ಬರು ಒಂದೇ ವೇಗದಲ್ಲಿ ಸೈಕಲ್ ತುಳಿದರೆ ಪಕ್ಕದವನು ನಿಂತ ಹಾಗೇ ಕಾಣುತ್ತಾನೆ ಅಲ್ವಾ? ಹಾಗೆ. ತಟ್ಟೆ ತಿರುಗುವುದೂ ಉಂಟು, ಆದರೆ ನಿನ್ನ ಕಣ್ಣಿಗೆ ಕಾಣದಷ್ಟು ಕಡಿಮೆ. ಸೂರ್ಯ, ಚಂದ್ರ ಎಳೆದು ಉಪಗ್ರಹ ಸ್ವಲ್ಪ ಸ್ವಲ್ಪ ಜಾಗ ಬಿಡುತ್ತದೆ. ಅದನ್ನು ವಾಪಸ್ ಜಾಗಕ್ಕೆ ತರುವ ಕೆಲಸ 1982ರಿಂದ ನಮ್ಮ ಹಾಸನದಿಂದ ನಡೆಯುತ್ತಿದೆ. ಆ ವರ್ಷ ಹಾರಿಸಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು. ಮರುವರ್ಷ ಇನ್ಸಾಟ್-1ಬಿ ಹೋಯಿತು, ಅದು ಚೆನ್ನಾಗಿ ಕೆಲಸ ಮಾಡಿತು.

ಇಂಥ ಉಪಗ್ರಹ ನಿಲ್ಲುವುದು ಭೂಮಧ್ಯರೇಖೆಯ ನೇರ ಮೇಲೆ ಮಾತ್ರ. ಆ ರೇಖೆ ಹಾಸನಕ್ಕೆ ದಕ್ಷಿಣಕ್ಕಿದೆ. ನಮ್ಮ ಮನೆಗಳಿಗೆ ಟಿವಿ ಕಳಿಸುವ ಉಪಗ್ರಹಗಳು ನಮಗಿಂತ ಸ್ವಲ್ಪ ಪೂರ್ವಕ್ಕೂ ಇವೆ. ಇವತ್ತು ಸಂಜೆ ತಾರಸಿಗೆ ಹೋಗಿ ನಿಮ್ಮ ಬೀದಿಯ ಮನೆಗಳ ಟಿವಿ ತಟ್ಟೆಗಳು ಯಾವ ಕಡೆ ಮುಖ ಮಾಡಿವೆ ನೋಡು. ಆಗ್ನೇಯ ಯಾವುದು ಅಂತ ಅಜ್ಜಿಯನ್ನು ಕೇಳು. ಎಷ್ಟು ತಟ್ಟೆ ಎಣಿಸಿದೆ ಅಂತ ನನಗೆ ಬರೆದು ಕಳಿಸು.